ಕೇಳುವಾಗ ಉದಾರ, ಬರೆಯುವಾಗ ಬಿಗಿ

(ವಾಚನಾಲಯದ ಭಾನುವಾರದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಇಂದಿನ ಉಪನ್ಯಾಸದ ವಿಷಯವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಓದಿ ಕೆಲವರು ಮುಗುಳ್ನಕ್ಕುದನ್ನು ನಾವು ಕಂಡಿದ್ದೇವೆ. ಹೋದ ತಿಂಗಳು ಇದೇ ಕೊಠಡಿಯಲ್ಲಿ ಕುಮಾರವ್ಯಾಸನ ಮೇಲೆ ಮಾತಾಯಿತು. ಅದರ ಹಿಂದಿನ ತಿಂಗಳು ಸಕ್ಕರೆ ಕಾಯಿಲೆಯ ಮೇಲೆ. ಈ ತಿಂಗಳು, ಗಣಕಯಂತ್ರದಲ್ಲಿರುವ ಕಡತಗಳು ಯಾವಾಗ ಯಾರಿಂದ ಹೇಗೆ ಬದಲಾದುವೆಂದು ಲೆಕ್ಕವಿಟ್ಟು ಕಾಯುವ ಒಂದು ತಂತ್ರಾಂಶದ ಮೇಲೆ. ಗಿಟ್ ಎಂದು ಅದರ ಹೆಸರು. ಕುಮಾರವ್ಯಾಸನಿಗಾಗಿ ಬಂದವರು ಇದಕ್ಕೂ ಬಂದಿರುವುದು ನಮ್ಮ ಭಾಗ್ಯವೇ ಸರಿ.

ಈ ವಿಷಯವನ್ನು ನಾವು ಹುಡುಕಿಕೊಂಡು ಹೋದುದಲ್ಲ. ಮುನ್ನೂರು ರೂಪಾಯಿಯ ಒಂದು ಠೇವಣಿಯ ಮೂಲಕ ಅದೇ ನಮ್ಮ ಮೇಲೆ ಬಂದಿತು. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇವೆ.

ಇಲ್ಲಿ ಕುಳಿತು ಓದುವುದಕ್ಕೆ ಯಾರೂ ಕಾಸು ಕೊಡಬೇಕಾಗಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಬೇಕಾದವರು ಮಾತ್ರ ಮುನ್ನೂರು ರೂಪಾಯಿ ಠೇವಣಿ ಇಡುತ್ತಾರೆ. ಬಿಟ್ಟುಹೋಗುವಾಗ ಅದು ಅವರಿಗೆ ವಾಪಸು. 2024ರ ಜೂನ್ 9ರ ಭಾನುವಾರ ಸದಸ್ಯರೊಬ್ಬರು ಬಂದರು. ಈ ಮುಂಬಯಿಯ ಹೋಟೆಲುಗಳಲ್ಲಿ ಇಪ್ಪತ್ತಾರು ವರ್ಷ ದುಡಿದವರು, ಮೊಣಕಾಲು ನೋವಿನಿಂದ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಮರುದಿನ ರೈಲು. "ಯುಗಾದಿಯ ಹಿಂದಿನ ಭಾನುವಾರ ಠೇವಣಿ ಕೊಟ್ಟಿದ್ದೆ. ಒಂದು ಪುಸ್ತಕವನ್ನೂ ಒಯ್ಯುವಷ್ಟು ಬಿಡುವಾಗಲಿಲ್ಲ. ಅದನ್ನು ಕೊಟ್ಟರೆ ಉಪಕಾರ" ಎಂದರು. ನಾವು ಗಣಕವನ್ನು ತೆರೆದು ಪಟ್ಟಿಯನ್ನು ನೋಡಿದೆವು. ಅವರ ಹೆಸರಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ನೋಡಿದೆವು. ಇಲ್ಲ.

ಈ ಸಭೆಯಲ್ಲಿ ಗುಮಾಸ್ತರೇ ಹೆಚ್ಚಾಗಿರುವುದರಿಂದ, ರಶೀದಿ ಪುಸ್ತಕದ ಅಡಿಪ್ರತಿ ಏನಾಯಿತು ಎಂದು ತಾವು ಕೇಳುವಿರೆಂದು ಬಲ್ಲೆವು. ಗಣಕ ಬಂದ ಮೇಲೆ ರಶೀದಿ ಬರೆಯುವುದನ್ನು ನಾವು ನಿಲ್ಲಿಸಿಬಿಟ್ಟಿದ್ದೆವು. ಹಾಗಾದರೆ ಪೆಟ್ಟಿಗೆಯ ಹಣ ತಾಳೆಯಾಗದೆ ಇದ್ದಿರಬೇಕಲ್ಲ, ಅದನ್ನಾದರೂ ನೋಡಲಿಲ್ಲವೇ ಎಂದು ಮುಂದಿನ ಪ್ರಶ್ನೆ. ನೋಡಿದ್ದೆವು. ಏಪ್ರಿಲ್ ತಿಂಗಳಲ್ಲಿ ಒಂಬೈನೂರು ರೂಪಾಯಿ ಹೆಚ್ಚಿತ್ತು. ಯಾರೋ ಪುಣ್ಯಾತ್ಮರು ಹೆಸರು ಹೇಳದೆ ಹಾಕಿದ ಕಾಣಿಕೆಯೆಂದು ಜಮಾ ಮಾಡಿಕೊಂಡಿದ್ದೆವು! ನಾಚಿಕೆಯಾದರೂ ಹೇಳಿಬಿಡುವುದು ಒಳ್ಳೆಯದು.

ನಮ್ಮಲ್ಲೊಬ್ಬರು ತಮ್ಮ ಜೇಬಿನಿಂದ ಮುನ್ನೂರು ರೂಪಾಯಿ ತೆಗೆದು ಕೊಡಹೋದರು. ಅವರು ಕೈ ಚಾಚಲಿಲ್ಲ. "ನಿಮ್ಮ ಜೇಬಿನದು ಬೇಡ ಸಾರ್. ನನ್ನ ದುಡ್ಡು ನಿಮ್ಮ ಪುಸ್ತಕದಲ್ಲಿ ಇರಬೇಕು" ಎಂದು ಹೇಳಿ, ಮಗನ ಫೋನ್ ನಂಬರನ್ನು ಬರೆಸಿ, ಹೊರಟುಹೋದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಹೆಸರು ಎಲ್ಲಿ ಹೋಯಿತೆಂಬುದನ್ನು ಹೇಳುವ ಮುನ್ನ, ಗಿಟ್ ಎಂಬುದರ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಅದಕ್ಕೂ ಮುನ್ನ, ಆ ಸದಸ್ಯರ ಕಸುಬನ್ನೇ ನೋಡೋಣ. ಹೋಟೆಲಿಗೆ ಬಂದ ಗಿರಾಕಿಯೊಬ್ಬ "ಒಂದು ಮಸಾಲೆ, ಎರಡು ಚಾ, ಒಂದಕ್ಕೆ ಸಕ್ಕರೆ ಕಮ್ಮಿ" ಎನ್ನುತ್ತಾನೆ. ಇನ್ನೊಬ್ಬ ಅದನ್ನೇ ಮರಾಠಿಯಲ್ಲಿ ಹೇಳುತ್ತಾನೆ, ಮತ್ತೊಬ್ಬ ಗುಜರಾತಿಯಲ್ಲಿ. ನಾಲ್ಕನೆಯವನು ಬೆರಳಿನಿಂದ ಪಕ್ಕದ ಮೇಜನ್ನು ತೋರಿಸಿ "ಅದೇ" ಎನ್ನುತ್ತಾನೆ. ಸಪ್ಲಾಯರ್ ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ. ಸರಿಯಾಗಿ ಹೇಳಿ ಎಂದು ಗಿರಾಕಿಗೆ ಪಾಠ ಹೇಳಹೊರಟರೆ ನಾಳೆ ಆತ ಎದುರಿನ ಹೋಟೆಲಿಗೆ ಹೋಗುತ್ತಾನೆ. ಆದರೆ ಅದೇ ಸಪ್ಲಾಯರ್ ಚೀಟಿಯ ಮೇಲೆ ಬರೆಯುವುದು ಮಾತ್ರ ಒಂದೇ ರೀತಿ: ಮೇಜಿನ ನಂಬರು, ತಿಂಡಿಯ ಹೆಸರು, ಎಷ್ಟು. ಗಲ್ಲೆಯ ಮೇಲೆ ಕುಳಿತವರು ನಂಬುವುದು ಆ ಚೀಟಿಯನ್ನು. ಗಿರಾಕಿ ಹೇಳಿದ್ದು ಅರ್ಥವಾಗಲಿಲ್ಲವೆಂದರೆ ಅವನು ಇನ್ನೊಮ್ಮೆ ಕೇಳುತ್ತಾನೆಯೇ ಹೊರತು, ಏನೋ ಒಂದಿರಲಿ ಎಂದು ಚೀಟಿಯಲ್ಲಿ ಗೀಚುವುದಿಲ್ಲ.

ಈ ಎರಡು ಗುಣಗಳನ್ನು ಯಂತ್ರದಲ್ಲಿ ಕೂಡಿಸುವುದು ಹೇಗೆಂಬುದೇ ಇಂದಿನ ವಿಷಯ. ಜಾನ್ ಪೋಸ್ಟೆಲ್ ಎಂಬವರು 1980ರಲ್ಲಿ ಅಂತರ್ಜಾಲದ ಮೂಲ ನಿಯಮಗಳನ್ನು ಬರೆಯುವಾಗ, ಕಳುಹಿಸುವುದರಲ್ಲಿ ಕಟ್ಟುನಿಟ್ಟು, ಸ್ವೀಕರಿಸುವುದರಲ್ಲಿ ಔದಾರ್ಯ ಎಂಬ ಅರ್ಥದ ಸೂತ್ರವೊಂದನ್ನು ಸೇರಿಸಿದರು. ಬಹುಕಾಲ ಅದು ಗಣಕ ಶಾಸ್ತ್ರದವರಿಗೆ ವೇದವಾಕ್ಯದಂತಿತ್ತು. ಆದರೆ 2023ರಲ್ಲಿ ಅಂತರ್ಜಾಲದ ಹಿರಿಯ ಮಂಡಳಿಯೇ ಹೊರಡಿಸಿದ ಒಂದು ಲೇಖನವು, ಸ್ವೀಕರಿಸುವವನ ಔದಾರ್ಯ ಅತಿಯಾದರೆ ಕಳುಹಿಸುವವರ ತಪ್ಪುಗಳೇ ರೂಢಿಯಾಗಿ ಬೇರು ಬಿಡುತ್ತವೆಂದು ಎಚ್ಚರಿಸಿದೆ.

ಗಿಟ್ಟಿನ ಚರಿತ್ರೆ ಚಿಕ್ಕದು. ಲಿನಕ್ಸ್ ಎಂಬ ತಂತ್ರಾಂಶವನ್ನು ಲೋಕದ ನಾನಾ ಕಡೆಯವರು ಕೂಡಿ ಬರೆಯುತ್ತಾರೆ. ಆ ಬರಹದ ಲೆಕ್ಕವಿಡಲು ಅವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸುವ ಅವಕಾಶ 2005ರಲ್ಲಿ ತಪ್ಪಿಹೋಯಿತು. ಲಿನಸ್ ಟೋರ್ವಾಲ್ಡ್ಸ್ ಅವರು ಆ ಏಪ್ರಿಲ್ ತಿಂಗಳಲ್ಲಿ ತಾವೇ ಕುಳಿತು ಗಿಟ್ ಬರೆಯಲು ತೊಡಗಿದರು. ಕೆಲವೇ ದಿನಗಳಲ್ಲಿ ಅದು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವಷ್ಟಾಯಿತು. ಅದೇ ಜುಲೈಯಲ್ಲಿ ಅದರ ಪೋಷಣೆಯನ್ನು ಜುನಿಯೋ ಹಮಾನೋ ಅವರ ಕೈಗೆ ಒಪ್ಪಿಸಿದರು.

ಅದರ ಕೆಲಸ ನಮ್ಮ ಕಿರ್ದಿ ಪುಸ್ತಕದಂತೆಯೇ. ದಿನದ ಕೆಲಸ ಮುಗಿದಾಗ "ಇಷ್ಟನ್ನು ದಾಖಲು ಮಾಡು" ಎಂದರೆ ಒಂದು ನಮೂದಾಗುತ್ತದೆ. ಅದಕ್ಕೆ ಕಮಿಟ್ ಎನ್ನುತ್ತಾರೆ. ಪ್ರತಿಯೊಂದು ನಮೂದಿಗೂ ನಲವತ್ತು ಅಕ್ಷರ-ಅಂಕಿಗಳ ಒಂದು ಹೆಸರು. ಆ ಹೆಸರನ್ನು ನಾವಿಡುವುದಿಲ್ಲ. ನಮೂದಿನ ಒಡಲಿನಿಂದಲೇ, ಅದರ ಹಿಂದಿನ ನಮೂದಿನ ಹೆಸರನ್ನೂ ಸೇರಿಸಿಕೊಂಡು, ಗುಣಿಸಿ ತೆಗೆಯಲಾಗುತ್ತದೆ. ಆದ್ದರಿಂದ ಹಳೆಯ ಪುಟವೊಂದರಲ್ಲಿ ಯಾರಾದರೂ ಒಂದು ಅಕ್ಷರವನ್ನು ಕೆರೆದು ತಿದ್ದಿದರೆ, ಅಲ್ಲಿಂದ ಮುಂದಿನ ಎಲ್ಲ ಹೆಸರುಗಳೂ ತಪ್ಪಿ, ಕಳವು ಗೊತ್ತಾಗಿಬಿಡುತ್ತದೆ. ಕಿರ್ದಿಯಲ್ಲಿ ಚಿತ್ತುಕಾಟು ಮಾಡಬಾರದು, ತಪ್ಪಾಗಿದ್ದರೆ ಕೆಳಗೆ ಸರಿಪಡಿಸಿದ ಇನ್ನೊಂದು ನಮೂದು ಬರೆಯಬೇಕು ಎಂದು ಹೆಡ್ ಗುಮಾಸ್ತರಿಂದ ಬೈಸಿಕೊಂಡು ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬರೆಯುವುದರಲ್ಲಿ ಇಷ್ಟು ಬಿಗಿಯಾದ ಈ ಯಂತ್ರ, ಕೇಳುವುದರಲ್ಲಿ ಹೇಗೆ? ಬಹಳ ಉದಾರ. ನಲವತ್ತು ಅಕ್ಷರಗಳ ಹೆಸರನ್ನು ಪೂರ್ತಿ ಹೇಳಬೇಕಾಗಿಲ್ಲ, ಮೊದಲಿನ ನಾಲ್ಕು ಸಾಕು. ಆ ನಾಲ್ಕರಿಂದ ಪ್ರಾರಂಭವಾಗುವ ಹೆಸರುಗಳು ಎರಡಿದ್ದರೆ ಮಾತ್ರ ತಾನಾಗಿ ಒಂದನ್ನು ಆರಿಸುವುದಿಲ್ಲ. ಯಾವುದೆಂದು ತಿಳಿಯದು ಎಂದು ನಿಲ್ಲುತ್ತದೆ. ಇದು ಸರಿಯಾದ ಸಪ್ಲಾಯರ್‌ನ ನಡವಳಿಕೆ. ಆಜ್ಞೆಯನ್ನು ತಪ್ಪು ಕಾಗುಣಿತದಲ್ಲಿ ಕೊಟ್ಟರೆ, "ನೀವು ಹೇಳಿದ್ದು ಇದೇ ಇರಬೇಕು" ಎಂದು ಹತ್ತಿರದ ಪದವನ್ನು ತೋರಿಸುತ್ತದೆ. ಆದರೆ ನಾವು ಮೊದಲೇ ಅನುಮತಿ ಕೊಟ್ಟಿರದಿದ್ದರೆ ತಾನಾಗಿ ಮಾಡಿಬಿಡುವುದಿಲ್ಲ.

ತಾರೀಖಿನ ವಿಷಯದಲ್ಲಿ ಈ ಔದಾರ್ಯ ಇನ್ನೂ ಹೆಚ್ಚು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾವು ಮುಗ್ಗರಿಸಿದ್ದು ಇಲ್ಲಿಯೇ. ನಿನ್ನೆಯಿಂದ ಈಚಿನ ನಮೂದುಗಳನ್ನು ತೋರಿಸು, ಎರಡು ವಾರದ ಹಿಂದಿನಿಂದ ತೋರಿಸು ಎಂದು ಇಂಗ್ಲಿಷಿನಲ್ಲಿ ಮಾತನಾಡಿದಂತೆ ಕೇಳಬಹುದು. ಮಧ್ಯಾಹ್ನ, ನಡುರಾತ್ರಿ ಎಂಬ ಪದಗಳೂ ಅದಕ್ಕೆ ಗೊತ್ತು. 'ಟೀ' ಎಂದು ಬರೆದರೆ ಸಂಜೆ ಐದು ಗಂಟೆ! ಇದು ತಮಾಷೆಯಲ್ಲ, ಇಂದಿಗೂ ಅದರಲ್ಲಿ ಇದೆ. ಐದು ಗಂಟೆಗೆ ಮುಂಚೆ ಕೇಳಿದರೆ ಹಿಂದಿನ ದಿನದ ಚಹಾ ಎಂದು ತಿಳಿದುಕೊಳ್ಳುತ್ತದೆ. ನಮ್ಮ ಹೋಟೆಲುಗಳಲ್ಲಿ ಬೆಳಗಿನ ಐದೂವರೆಗೇ ಚಹಾ ಕುದಿಯುತ್ತದೆಂಬುದು ಆ ಬರೆದವರಿಗೆ ಗೊತ್ತಿರಲಾರದು.

ಅರ್ಥವೇ ಇಲ್ಲದ ಅಕ್ಷರಗಳನ್ನು ಬಡಿದು, "ಇಂದಿನಿಂದೀಚೆಗೆ ತೋರಿಸು" ಎನ್ನುವಲ್ಲಿ ಅದನ್ನು ತಾರೀಖಾಗಿ ಕೊಟ್ಟರೆ ಏನಾಗುತ್ತದೆ? ಗಿಟ್ ಗದರುವುದಿಲ್ಲ. ಸುಮ್ಮನೆ 'ಈಗ' ಎಂದು ತಿಳಿದುಕೊಳ್ಳುತ್ತದೆ. ಈಗಿನಿಂದೀಚೆಗೆ ನಮೂದುಗಳೇ ಇರುವುದಿಲ್ಲವಾದ್ದರಿಂದ ಏನನ್ನೂ ತೋರಿಸುವುದಿಲ್ಲ. ಕೇಳಿದವನು ಏನೂ ಇಲ್ಲವೆಂದು ಎದ್ದುಹೋಗುತ್ತಾನೆ. ಆದರೆ ಅದೇ ಅರ್ಥವಿಲ್ಲದ ಅಕ್ಷರಗಳನ್ನು ಹೊಸ ನಮೂದಿನ ತಾರೀಖೆಂದು ಬರೆಯಲು ಕೊಟ್ಟು ನೋಡಿ: ತಾರೀಖಿನ ರೂಪ ಸರಿಯಿಲ್ಲವೆಂದು ಸ್ಪಷ್ಟವಾಗಿ ಹೇಳಿ, ನಮೂದನ್ನೇ ಮಾಡದೆ ನಿಂತುಬಿಡುತ್ತದೆ. ಒಳಗೆ ತಾರೀಖನ್ನು ಓದುವ ಕಸುಬು ಎರಡಕ್ಕೂ ಒಂದೇ. ಓದಿ ತೋರಿಸುವಾಗ ಅದರ ಅನುಮಾನವನ್ನು ಕಡೆಗಣಿಸುತ್ತಾರೆ. ಬರೆಯುವಾಗ ಅದೇ ಅನುಮಾನಕ್ಕೆ ಕಿವಿಗೊಡುತ್ತಾರೆ. ಒಪ್ಪಿಗೆಯಾದ ತಾರೀಖನ್ನು ನಿನ್ನೆ ಎಂದಾಗಲಿ ಚಹಾ ಎಂದಾಗಲಿ ಬರೆದಿಡುವುದಿಲ್ಲ. 1970ರ ಜನವರಿ 1ರಿಂದ ಎಷ್ಟು ಸೆಕೆಂಡುಗಳಾದುವೆಂಬ ಒಂದೇ ಸಂಖ್ಯೆ, ಪಕ್ಕದಲ್ಲಿ ನಮ್ಮ ಕಾಲಮಾನದ ಐದೂವರೆ ಗಂಟೆಯ ಗುರುತು, ಅಷ್ಟೇ.

ಈ ಏರ್ಪಾಡನ್ನು ಬಹಳ ಮಂದಿ ಹೊಗಳುತ್ತಾರೆ. ನಾವು ಅರ್ಧ ಮಾತ್ರ ಹೊಗಳುತ್ತೇವೆ. ಓದುವಾಗಿನ ತಪ್ಪಿನಿಂದ ಪುಸ್ತಕ ಕೆಡುವುದಿಲ್ಲ ನಿಜ. ಆದರೆ ಪುಸ್ತಕದಲ್ಲಿ ಇರುವುದನ್ನು ಇಲ್ಲವೆಂದು ನಂಬಿ ಮನುಷ್ಯ ಮುಂದಿನ ಕೆಲಸ ಮಾಡುತ್ತಾನಲ್ಲ! ಅದಲ್ಲದೆ ಇನ್ನೊಂದು ತೊಡಕಿದೆ. ನಮ್ಮ ದೇಶದಲ್ಲಿ ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. 05/04/2024 ಎಂದರೆ ನಮಗೆ ಏಪ್ರಿಲ್ ಐದು. ಗಿಟ್ ಓರೆಗೆರೆಯನ್ನು ಕಂಡರೆ ಅಮೆರಿಕದವರಂತೆ ತಿಂಗಳನ್ನು ಮೊದಲು ಓದುತ್ತದೆ: ಮೇ ನಾಲ್ಕು. ನಡುವೆ ಓರೆಗೆರೆಯ ಬದಲು ಚುಕ್ಕೆ ಇಟ್ಟರೆ ದಿನವನ್ನು ಮೊದಲು ಓದುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, 25/04/2024 ಎಂದು ಬರೆದರೆ, ಇಪ್ಪತ್ತೈದನೆಯ ತಿಂಗಳಿಲ್ಲವಾದ್ದರಿಂದ, ನಮ್ಮ ರೀತಿಯಲ್ಲೇ ಸರಿಯಾಗಿ ತಿಳಿದುಕೊಳ್ಳುತ್ತದೆ. ತಿಂಗಳ ಹದಿಮೂರರಿಂದ ಕೊನೆಯ ತನಕ ಸರಿ; ಒಂದರಿಂದ ಹನ್ನೆರಡರ ತನಕ ತಿರುಗುಮುರುಗು. ಎಲ್ಲ ದಿನವೂ ತಪ್ಪಿದ್ದರೆ ಮೊದಲ ವಾರದಲ್ಲೇ ನಮಗೆ ಗೊತ್ತಾಗುತ್ತಿತ್ತು. ಅರ್ಧದಷ್ಟು ದಿನ ಸರಿಯಾಗಿ ನಡೆದುದರಿಂದಲೇ ನಾವು ಅದನ್ನು ನಂಬಿದೆವು. ಇಂಥ ತಪ್ಪನ್ನು ಯಾವ ಕಾವಲುಗಾರನೂ ಹಿಡಿಯಲಾರನು, ಏಕೆಂದರೆ ಮೇ ನಾಲ್ಕು ಎಂಬುದೂ ಒಂದು ಒಳ್ಳೆಯ ತಾರೀಖೇ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-04-05 ಎಂದು ಬರೆಯುವವನಿಗೆ ಮಾತ್ರ ಈ ಭಯವಿಲ್ಲ.

ಟೈಪ್‌ರೈಟರ್ ಕಲಿತವರು ಈ ಸಭೆಯಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದಾರೆ. ಸಾಲು ಮುಗಿದಾಗ ಗಂಟೆ ಹೊಡೆಯುತ್ತದೆ. ಎಡಗೈಯಿಂದ ಹಿಡಿಯನ್ನು ತಳ್ಳಿದರೆ ಎರಡು ಕೆಲಸವಾಗುತ್ತದೆ: ಗಾಡಿ ಮೊದಲಿನ ಜಾಗಕ್ಕೆ ಮರಳುತ್ತದೆ, ಕಾಗದ ಒಂದು ಸಾಲು ಮೇಲೇಳುತ್ತದೆ. ವಿಂಡೋಸ್ ಗಣಕಗಳು ಇಂದಿಗೂ ಸಾಲಿನ ಕೊನೆಯಲ್ಲಿ ಈ ಎರಡಕ್ಕೂ ಒಂದೊಂದು ಗುರುತು ಬರೆಯುತ್ತವೆ. ಲಿನಕ್ಸ್‌ನಲ್ಲಿ ಎರಡನೆಯದು ಮಾತ್ರ. ಬೇಕಾದರೆ ಗಿಟ್ ಒಳಗೆ ತೆಗೆದುಕೊಳ್ಳುವಾಗ ಎರಡನ್ನು ಒಂದು ಮಾಡಿ, ಹೊರಗೆ ಕೊಡುವಾಗ ಮತ್ತೆ ಎರಡು ಮಾಡಿ ಕೊಡುತ್ತದೆ. ಒಂದೇ ಕಡತದಲ್ಲಿ ಎರಡು ಬಗೆಯ ಸಾಲುಗಳೂ ಬೆರೆತಿದ್ದರೆ? ಒಳಗೆ ಹೋದಮೇಲೆ ಯಾವ ಸಾಲು ಯಾವ ಬಗೆಯದಾಗಿತ್ತೆಂದು ತಿಳಿಯಲಾಗದು. ಆಗ ಗಿಟ್ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈಗ ತೆಗೆದುಕೊಂಡದ್ದನ್ನು ನಾಳೆ ಹಾಗೆಯೇ ಹಿಂದಕ್ಕೆ ಕೊಡಬಲ್ಲೆನೇ? ಇಲ್ಲವೆಂದಾದರೆ ಎಚ್ಚರಿಸುತ್ತದೆ, ನಾವು ಹಾಗೆ ಕಟ್ಟು ಮಾಡಿದ್ದರೆ ಕಡತವನ್ನೇ ಒಲ್ಲೆನೆನ್ನುತ್ತದೆ. ಠೇವಣಿ ಇಟ್ಟುಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ ಅಲ್ಲವೇ?

ಕನ್ನಡದವರನ್ನೂ ಕಾಡುವ ತೊಂದರೆಯೊಂದಿದೆ. 'ಠೇವಣಿ' ಎಂಬ ಮಾತನ್ನೇ ತೆಗೆದುಕೊಳ್ಳಿ. ಅದರ ಮೊದಲಕ್ಷರದ ಏತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಅಥವಾ ಮೊದಲು ಎತ್ವ, ಆಮೇಲೆ ಬೇರೆಯಾಗಿ ಒಂದು ದೀರ್ಘ. ಕಣ್ಣಿಗೆ ಎರಡೂ ಒಂದೇ. ಯಂತ್ರದ ಅಂಕಿಗಳಲ್ಲಿ ಬೇರೆ ಬೇರೆ. ಮ್ಯಾಕ್ ಗಣಕಗಳ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ, ಎತ್ವ ಬೇರೆ ದೀರ್ಘ ಬೇರೆ ಮಾಡಿ ಇಟ್ಟುಕೊಳ್ಳುತ್ತಿತ್ತು. ಬೇರೆ ಗಣಕದಿಂದ ಬಂದ 'ಠೇವಣಿ' ಎಂಬ ಕಡತ ಅಲ್ಲಿಗೆ ಹೋದರೆ, ಗುರುತಿಲ್ಲದ ಹೊಸದೊಂದು ಬಂದಿದೆ ಎಂದು ಗಿಟ್ ವರದಿ ಮಾಡುತ್ತಿತ್ತು. 2012ರಲ್ಲಿ ಇದಕ್ಕೆ ಪರಿಹಾರ ಬಂದಿತು: ಮ್ಯಾಕ್‌ನಿಂದ ಬಂದ ಹೆಸರನ್ನು ಒಳಗೆ ಬರೆಯುವ ಮುನ್ನ ಕೂಡಿಸಿ ಒಂದು ಮಾಡುವುದು. ಬಂದದ್ದು ಹೇಗೇ ಇರಲಿ, ಒಳಗೆ ಒಂದೇ ರೂಪ. ಇನ್ನು, ಕನ್ನಡ ಹೆಸರಿನ ಕಡತವನ್ನು ಗಿಟ್ ಪರದೆಯ ಮೇಲೆ ತೋರಿಸುವಾಗ 'ಕ' ಎಂಬುದರ ಬದಲು \340\262\225 ಎಂಬ ಅಂಕಿಗಳು ಕಂಡರೆ ಗಾಬರಿಯಾಗಬೇಡಿ. ಕಡತ ಕೆಟ್ಟಿಲ್ಲ. ಅದು ತೋರಿಸುವ ರೀತಿ ಮಾತ್ರ. ಒಂದು ಸೂಚನೆಯಿಂದ ಅದನ್ನು ನಿಲ್ಲಿಸಬಹುದು. ಆದರೆ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ವರ್ಷಗಳ ಹಿಂದೆ ಟೈಪು ಮಾಡಿದ ಪಟ್ಟಿಗಳಿದ್ದರೆ ಅವನ್ನು ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ನಮೂದಿನ ಟಿಪ್ಪಣಿ ಯುಟಿಎಫ್-8 ಎಂಬ ರೂಪದಲ್ಲಿಲ್ಲವೆಂದು ಕಂಡರೆ ಗಿಟ್ ಎಚ್ಚರಿಸುತ್ತದೆ. ಕಡತದ ಒಡಲಲ್ಲಿ ಏನಿದೆಯೆಂದು ಮಾತ್ರ ಅದು ವಿಚಾರಿಸುವುದಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ.

ಹಾಗಾದರೆ ಎಲ್ಲ ಕಡೆಯಲ್ಲೂ ಬಿಗಿ ಮಾಡಿಬಿಡಬಾರದೇಕೆ ಎಂದು ನಮ್ಮ ಖಜಾಂಚಿಗಳು ಕೇಳಿದ್ದುಂಟು. ಅದಕ್ಕೂ ಅಡ್ಡಿಯಿದೆ. ಗಿಟ್ಟಿನಲ್ಲಿ ಪ್ರತಿಯೊಂದು ನಮೂದನ್ನೂ ಕೂಲಂಕಷವಾಗಿ ಪರೀಕ್ಷಿಸಿಯೇ ಭಂಡಾರದೊಳಕ್ಕೆ ಬಿಡುವ ವ್ಯವಸ್ಥೆಯಿದೆ. ಆದರೆ ನಾವು ಕೇಳಿಕೊಳ್ಳದಿದ್ದರೆ ಅದು ನಡೆಯುವುದಿಲ್ಲ. ಕಾರಣ, ಹಿಂದೆ ಕೆಲವು ಸಲಕರಣೆಗಳು ಅಂಕಿಯ ಹಿಂದೆ ಬೇಡದ ಸೊನ್ನೆ ಹಾಕುವಂಥ ಸಣ್ಣ ತಪ್ಪುಗಳೊಡನೆ ಬರೆದ ನಮೂದುಗಳು ಹಳೆಯ ಭಂಡಾರಗಳಲ್ಲಿ ಕುಳಿತಿವೆ. ಅವನ್ನು ತಿದ್ದಹೊರಟರೆ, ಆಗಲೇ ಹೇಳಿದಂತೆ, ಅಲ್ಲಿಂದ ಮುಂದಿನ ಹೆಸರುಗಳೆಲ್ಲ ಬದಲಾಗುತ್ತವೆ. ಒಂದು ಸೊನ್ನೆಗಾಗಿ ಹತ್ತು ವರ್ಷದ ಪುಸ್ತಕವನ್ನೇ ಹೊರಗೆ ಹಾಕುವುದು ನ್ಯಾಯವಲ್ಲ. ಆದ್ದರಿಂದ ಹಳೆಯದನ್ನು ಓದುತ್ತದೆ, ಪರೀಕ್ಷೆಯಲ್ಲಿ ಎಚ್ಚರಿಕೆ ಕೊಟ್ಟು ಬಿಡುತ್ತದೆ.

ಔದಾರ್ಯದಿಂದ ಅನಾಹುತವಾಗುವುದೂ ಉಂಟು. ಗಿಟ್ ತನ್ನ ಸ್ವಂತ ಲೆಕ್ಕವನ್ನೆಲ್ಲ ಇಡುವುದು '.ಗಿಟ್' ಎಂಬ ಒಂದು ಕೋಣೆಯಲ್ಲಿ. ಆ ಹೆಸರಿನದೇನನ್ನೂ ಹೊರಗಿನಿಂದ ಒಳಕ್ಕೆ ಬಿಡಬಾರದೆಂದು ನಿಯಮ. ಆದರೆ ಅದನ್ನೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದು ತಂದರೆ ಬಾಗಿಲಿನವನು ಬೇರೆ ಹೆಸರೆಂದು ಬಿಡುತ್ತಿದ್ದ. ವಿಂಡೋಸ್ ಮತ್ತು ಮ್ಯಾಕ್ ಗಣಕಗಳಿಗೋ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲವಾದ್ದರಿಂದ, ಅದು ನೇರವಾಗಿ ಗಿಟ್ಟಿನ ಕೋಣೆಗೇ ಹೋಗಿ ಕೂರುತ್ತಿತ್ತು. ಅಲ್ಲಿ ಕುಳಿತು ಗಣಕದಿಂದ ಬೇಕಾದ ಕೆಲಸ ಮಾಡಿಸಬಹುದಾಗಿತ್ತು. 2014ರ ಡಿಸೆಂಬರಿನಲ್ಲಿ ಈ ಕಿಂಡಿಯನ್ನು ಮುಚ್ಚಿದರು. ಬಾಗಿಲಿನವನು ತನ್ನ ಕಣ್ಣಿನಿಂದ ನೋಡಿದರೆ ಸಾಲದು, ಒಳಗೆ ಇಡುವವನ ಕಣ್ಣಿನಿಂದಲೂ ನೋಡಬೇಕಾಗಿತ್ತು.

ಈಗ ನಮ್ಮ ಸದಸ್ಯರ ಹೆಸರಿಗೆ ಬರುತ್ತೇವೆ.

2024ರ ಏಪ್ರಿಲ್ 7ರ ಭಾನುವಾರ, ನಮ್ಮ ಸ್ವಯಂಸೇವಕಿಯಾದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಮೂರು ಠೇವಣಿಗಳನ್ನೂ ನಲವತ್ತೊಂದು ಪುಸ್ತಕಗಳನ್ನೂ ದಾಖಲು ಮಾಡಿ, ನಾವೆಲ್ಲರೂ ಹಂಚಿಕೊಳ್ಳುವ ಭಂಡಾರಕ್ಕೆ ಏರಿಸಿದಳು. ಹೀಗೆ ಏರಿಸುವುದಕ್ಕೆ ಪುಷ್ ಎನ್ನುತ್ತಾರೆ. ಆಮೇಲೆ ಪರೀಕ್ಷೆ, ರಜೆ ಎಂದು ಊರಿಗೆ ಹೋದಳು. ಮುಂದಿನ ಭಾನುವಾರ ನಮ್ಮಲ್ಲೇ ಇನ್ನೊಬ್ಬರು, ಅದಕ್ಕೂ ಹಿಂದಿನ ಪ್ರತಿಯನ್ನಿಟ್ಟುಕೊಂಡು ಮನೆಯಲ್ಲಿ ಟೈಪು ಮಾಡಿದ್ದವರು, ತಮ್ಮದನ್ನು ಏರಿಸಹೋದರು. ಗಿಟ್ ತಿರಸ್ಕರಿಸಿತು. ನಿಮ್ಮಲ್ಲಿಲ್ಲದ ನಮೂದುಗಳು ಇಲ್ಲಿವೆ, ಮೊದಲು ಅವನ್ನು ತಂದುಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಿತು. ಅದು ಇಂಗ್ಲಿಷಿನಲ್ಲಿ ಆರೇಳು ಸಾಲು. ಅವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಫೋನಿನಲ್ಲಿ ಯಾರನ್ನೋ ಕೇಳಿದರು. ಆ ಕಡೆಯವರು "ಹಿಂದೆ ಫೋರ್ಸ್ ಅಂತ ಸೇರಿಸಿ, ಹೋಗುತ್ತೆ" ಎಂದರು. ಸೇರಿಸಿದರು, ಹೋಯಿತು. ಏಪ್ರಿಲ್ 7ರ ನಮೂದು ಭಂಡಾರದ ಸರಪಳಿಯಿಂದ ಕಳಚಿಬಿದ್ದಿತು.

ಇಲ್ಲಿ ಗಿಟ್ಟನ್ನು ದೂರುವಂತಿಲ್ಲ. ಬರೆಯುವ ಬಾಗಿಲಲ್ಲಿ ಅದು ಬಿಗಿಯಾಗಿಯೇ ನಿಂತಿತ್ತು. ಆದರೆ ಆ ಬಾಗಿಲ ಪಕ್ಕದಲ್ಲೇ ಒಂದು ಪದದಿಂದ ತೆರೆಯುವ ಹಿತ್ತಿಲ ಬಾಗಿಲಿದೆ. ಅದಕ್ಕೆ ಬೀಗ ಹಾಕಬೇಕೇ ಬೇಡವೇ ಎಂಬುದನ್ನು ಭಂಡಾರದ ಯಜಮಾನರಿಗೆ ಬಿಟ್ಟಿದ್ದಾರೆ. ಯಜಮಾನರು ನಾವು. ನಾವು ಹಾಕಿರಲಿಲ್ಲ.

ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಜೂನ್ 2ರಂದು ಆ ಹುಡುಗಿ ಮರಳಿ ಬಂದು ತನ್ನ ಲ್ಯಾಪ್‌ಟಾಪ್ ತೆರೆದಾಗ, ನಿಮ್ಮಲ್ಲಿರುವುದಕ್ಕೂ ಭಂಡಾರದಲ್ಲಿರುವುದಕ್ಕೂ ದಾರಿ ಕವಲಾಗಿದೆಯೆಂದು ಗಿಟ್ ಹೇಳಿತು. ಅವಳು ನಮ್ಮನ್ನು ಕೇಳಿದಳು. "ಭಂಡಾರದಲ್ಲಿರುವುದೇ ನಿಜವಾದದ್ದು, ನಿನ್ನದನ್ನು ಬಿಡಮ್ಮ" ಎಂದು ಹಿರಿತನದಿಂದ ಹೇಳಿದೆವು. ಅವಳು ರಿಸೆಟ್ ಹಾರ್ಡ್ ಎಂಬ ಆಜ್ಞೆ ಕೊಟ್ಟು ತನ್ನದನ್ನು ಬಿಟ್ಟಳು. ಹೀಗೆ ಉಳಿದಿದ್ದ ಒಂದೇ ಪ್ರತಿಯನ್ನೂ ನಾವೇ ಕಣ್ಮರೆ ಮಾಡಿಸಿದೆವು. ಸದಸ್ಯರು ಬಂದುದು ಅದರ ಮುಂದಿನ ವಾರ.

ಜೂನ್ 16ರ ಭಾನುವಾರ ಐದಾರು ಮಂದಿ ಆ ಲ್ಯಾಪ್‌ಟಾಪಿನ ಸುತ್ತ ಕುಳಿತೆವು. ಪ್ರತಿಯೊಬ್ಬರ ಸ್ವಂತ ಗಣಕದಲ್ಲಿ ಗಿಟ್ ಒಂದು ದಿನಚರಿ ಇಟ್ಟಿರುತ್ತದೆ. ರೆಫ್‌ಲಾಗ್ ಎಂದು ಹೆಸರು. ಸರಪಳಿಯಿಂದ ಕಳಚಿದ ನಮೂದಿನ ಹೆಸರೂ ಅದರಲ್ಲಿರುತ್ತದೆ. ಹಂಚಿಕೆಯ ಭಂಡಾರದಲ್ಲಿ ಈ ದಿನಚರಿ ತಾನಾಗಿ ಇರುವುದಿಲ್ಲ, ಆದ್ದರಿಂದ ಅಲ್ಲಿ ಹುಡುಕಿ ಫಲವಿರಲಿಲ್ಲ. ಲ್ಯಾಪ್‌ಟಾಪಿನ ದಿನಚರಿಯಲ್ಲಿ ಏಪ್ರಿಲ್ ಐದರಿಂದ ಈಚಿನದನ್ನು ತೋರಿಸು ಎಂದು ಕೇಳಿದೆವು. ತಾರೀಖನ್ನು ಹೇಗೆ ಬರೆದೆವೆಂದು ತಾವು ಊಹಿಸಬಹುದು: 05/04/2024. ಮೇ ತಿಂಗಳ ಕೊನೆಯದೊಂದು ನಮೂದು ಮಾತ್ರ ಬಂದಿತು. ಅದಕ್ಕೂ ಹಿಂದಿನದೇನೂ ಇಲ್ಲ. ಹುಡುಗಿಯ ಮುಖ ಬಿಳುಚಿಕೊಂಡಿತು. "ನಾನು ಬರೆದಿದ್ದೆ ಮಾಮಾ, ಅವರ ಹೆಸರಿನ ಕಾಗುಣಿತವನ್ನು ಎರಡು ಸಲ ಕೇಳಿ ಬರೆದಿದ್ದೆ" ಎಂದಳು. ನಮ್ಮಲ್ಲಿ ಕೆಲವರು ಅವಳು ಮರೆತಿರಬೇಕೆಂದೇ ತೀರ್ಮಾನಿಸಿದ್ದರು. ಒಬ್ಬರು ಲ್ಯಾಪ್‌ಟಾಪ್ ನಿಧಾನವಾಗಿದೆ, ಹಳೆಯ ಕಸವನ್ನು ಗುಡಿಸಿ ನೋಡೋಣವೇ ಎಂದರು. ದೇವರ ದಯೆ, ಗುಡಿಸಲಿಲ್ಲ. ಸರಪಳಿಯಿಂದ ಕಳಚಿದ, ಬರೆದು ಮೂವತ್ತು ದಿನ ಮೀರಿದ ನಮೂದುಗಳನ್ನು ದಿನಚರಿಯಿಂದ ತೆಗೆದುಹಾಕುವುದು ಆ ಗುಡಿಸುವ ಆಜ್ಞೆಯ ಕೆಲಸ. ನಮ್ಮದಕ್ಕೆ ಎಪ್ಪತ್ತು ದಿನವಾಗಿತ್ತು.

ವಾಚನಾಲಯಕ್ಕೆ ಪತ್ರಿಕೆ ಓದಲು ಬಂದಿದ್ದ ಹೈಸ್ಕೂಲಿನ ಹುಡುಗನೊಬ್ಬ ಹಿಂದೆ ನಿಂತು ನೋಡುತ್ತಿದ್ದ. "ಅಡ್ಡಗೆರೆ ಹಾಕಿ ವರ್ಷ ಮೊದಲು ಬರೀರಿ ಅಂಕಲ್, ನಮ್ಮ ಶಾಲೆಯಲ್ಲಿ ಹಾಗೇ ಬರೆಸ್ತಾರೆ" ಎಂದ. 2024-04-05 ಎಂದು ಬರೆದೆವು. ಏಪ್ರಿಲ್ 7, ಸಂಜೆ ಆರು ಗಂಟೆ ಹನ್ನೆರಡು ನಿಮಿಷದ ನಮೂದು ಪರದೆಯ ಮೇಲೆ ಬಂದಿತು. ಮೂರು ಠೇವಣಿಗಳಲ್ಲಿ ಎರಡನೆಯದು ನಮ್ಮ ಸದಸ್ಯರದು.

ಅಂದಿನಿಂದ ಮೂರು ಬದಲಾವಣೆ ಮಾಡಿದ್ದೇವೆ. ಹಂಚಿಕೆಯ ಭಂಡಾರದಲ್ಲಿ, ಇರುವ ಸರಪಳಿಗೆ ಮುಂದಕ್ಕೆ ಜೋಡಿಸುವುದಲ್ಲದೆ ಹಿಂದಿನದನ್ನು ಕಳಚುವ ಯಾವ ಪುಷ್ ಅನ್ನೂ ಒಪ್ಪಬಾರದೆಂದು ಬೀಗ ಹಾಕಿದ್ದೇವೆ. ಫೋರ್ಸ್ ಎಂದರೂ ಈಗ ಹೋಗುವುದಿಲ್ಲ. ತಮ್ಮ ತಮ್ಮ ಸ್ವಂತ ಕವಲುಗಳಲ್ಲಿ ಹಾಗೆ ಮಾಡಲೇಬೇಕಾದವರು, 2013ರಲ್ಲಿ ಬಂದ 'ಫೋರ್ಸ್ ವಿತ್ ಲೀಸ್' ಎಂಬುದನ್ನು ಬಳಸಬಹುದು: ಭಂಡಾರದಲ್ಲಿ ನಾನು ಕಡೆಯ ಸಲ ಕಂಡದ್ದೇ ಇನ್ನೂ ಇದ್ದರೆ ಮಾತ್ರ ಬರೆ, ನಡುವೆ ಬೇರೆಯವರು ಕೈ ಹಾಕಿದ್ದರೆ ನಿಲ್ಲು ಎಂದು ಅದರ ಅರ್ಥ. ಇದರಲ್ಲೂ ಒಂದು ಮೋಸವಿದೆ. ಕೆಲವು ಸಲಕರಣೆಗಳು ನಮಗೆ ಹೇಳದೆಯೇ ಹಿನ್ನೆಲೆಯಲ್ಲಿ ಭಂಡಾರವನ್ನು ನೋಡಿಬರುತ್ತವೆ. ಆಗ ಯಂತ್ರ ಕಂಡದ್ದನ್ನು ನಾವು ಕಂಡೆವೆಂದು ಅದು ಎಣಿಸುತ್ತದೆ. ಮೂರನೆಯದಾಗಿ, ರಶೀದಿ ಪುಸ್ತಕವನ್ನು ಮತ್ತೆ ತಂದಿದ್ದೇವೆ. ಕಾರ್ಬನ್ ಕಾಗದವನ್ನು ಹುಡುಕಲು ಎರಡು ಅಂಗಡಿ ತಿರುಗಬೇಕಾಯಿತು.

ಜೂನ್ 17ರಂದು ಸದಸ್ಯರ ಮಗನ ಖಾತೆಗೆ ಮುನ್ನೂರು ರೂಪಾಯಿ ಕಳುಹಿಸಿ, ಪಟ್ಟಿಯ ಆ ಸಾಲಿನ ಚಿತ್ರವನ್ನೂ ಜೊತೆಗೆ ಕಳುಹಿಸಿದೆವು. ಸಂಜೆ ಅವರೇ ಫೋನ್ ಮಾಡಿದರು. ಹಣ ಬಂದುದನ್ನು ಕಡೆಯಲ್ಲಿ ಹೇಳಿದರು, ಮೊದಲು ಕೇಳಿದ್ದು, "ಆ ಹುಡುಗಿಗೆ ಯಾರೂ ಬೈಯಲಿಲ್ಲ ತಾನೇ?" ಎಂದು. ಏಪ್ರಿಲ್ 7ರ ಅವರ ಸಾಲನ್ನು ನಾವು ಅಳಿಸಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿದೆ: ಠೇವಣಿ ವಾಪಸು, 300, 2024-06-17. ಉಳಿದ ಇಬ್ಬರು ಸದಸ್ಯರ ಠೇವಣಿಗಳನ್ನೂ ಪಟ್ಟಿಗೆ ಮರಳಿ ಸೇರಿಸಿ, ಕಾಣಿಕೆಯೆಂದು ಜಮಾ ಮಾಡಿದ್ದ ಒಂಬೈನೂರನ್ನು ಅಲ್ಲಿಂದ ತಿರುಗಿಸಿ ಬರೆದಿದ್ದೇವೆ.

ಪಟ್ಟಿಯನ್ನು ನೋಡಬೇಕೆನ್ನುವವರಿಗಾಗಿ ಗಣಕವನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ತೆರೆದಿಟ್ಟಿದೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.